ಆಯಿಯ ಹಣೆಗೆ ಕುಂಕುಮ

ಮಧ್ಯಾಹ್ನ ಎರಡಾದರೂ ಆಯಿ ಊಟಕ್ಕೆ ಕೂರಲಿಲ್ಲ. "ಇವ್ರು ಯಲ್ಲಾಪುರದಿಂದ ಬರಲಿ" ಎಂದಳು.

ಇವರೆಂದರೆ ನನ್ನ ಅಪ್ಪಯ್ಯ. ಅವರು ತೀರಿಕೊಂಡಾಗ ನಾನು ತೊಟ್ಟಿಲಲ್ಲಿದ್ದೆ.

ಸಿದ್ದಾಪುರದ ಶಾಲೆಯಲ್ಲಿ ನಾನು ಅಕ್ಕೋರು. ನನಗೂ ಗಂಡನಿಲ್ಲ, ಮಕ್ಕಳಿಲ್ಲ. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಪಾಠ ಮರೆತವರನ್ನು ಗದರುವುದು ನನ್ನ ಚಾಳಿ. ಹೆತ್ತ ತಾಯಿಯನ್ನೂ ಗದರಿದೆ. "ಅಪ್ಪಯ್ಯ ಸತ್ತು ನಲವತ್ತೈದು ವರ್ಷ ಆತು, ನೆನಪಿಲ್ಯ?" ಸುದ್ದಿ ಆಗಷ್ಟೇ ಬಂದಂತೆ ಅವಳು ಎದೆ ಬಡಿದುಕೊಂಡು ಅತ್ತಳು. ಸಂಜೆಗೆ ಮರೆತಳು. ಮತ್ತೆ ಕಾದಳು. ನಾನು ಮತ್ತೆ ಹೇಳಿದೆ.

ಆ ವಾರ ಅವಳನ್ನು ಮೂರು ಸಲ ವಿಧವೆ ಮಾಡಿದೆ.

ಶಿರಸಿಯ ಡಾಕ್ಟರು ಬಿಪಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಇಸವಿ ಕೇಳಿದರೆ ಆಯಿ ನನ್ನ ಮುಖ ನೋಡಿದಳು. ಇದು ಯಾವ ರಾಜ್ಯ ಎಂದರೆ "ಮುಂಬಯಿ ಇಲಾಖೆ" ಎಂದಳು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷವಾಗಿತ್ತು. ಎಷ್ಟೋ ಜನರ ಬಾಯಿಗೆ ಅದಿನ್ನೂ ಬರುತ್ತಿರಲಿಲ್ಲ ಬಿಡಿ.

"ಸೆನೈಲ್ ಡಿಮೆನ್ಷಿಯಾ. ಮೆದುಳು ಸೊರಗ್ತಾ ಹೋಗ್ತದೆ" ಎಂದರು ಡಾಕ್ಟರು. "ಹೊಸ ನೆನಪು ಮೊದಲು ಹೋಗ್ತದೆ, ಹಳೇದು ಉಳೀತದೆ. ಔಷಧಿ ಇಲ್ಲ. ವಾದ ಮಾತ್ರ ಮಾಡಬೇಡಿ ಅಕ್ಕೋರೆ."

ನಮ್ಮಲ್ಲಿ ವಿಧವೆಯ ತಲೆ ಬೋಳಿಸುವ ರೂಢಿ. ನನ್ನ ಗಂಡ ಹೋದಾಗ ನನ್ನ ತಲೆಗೆ ಕತ್ತಿ ತಾಗಿಸಲು ಬಿಡದೆ ಊರನ್ನೇ ಎದುರು ಹಾಕಿಕೊಂಡಿದ್ದ ಆಯಿ, ತನ್ನ ತಲೆಯನ್ನು ಮಾತ್ರ ತಿಂಗಳು ತಿಂಗಳೂ ತಪ್ಪದೆ ಒಡ್ಡುತ್ತಿದ್ದಳು. ಈ ಸಲ ಕ್ಷೌರದವನು ಬಂದಾಗ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಳು.

"ಆನು ಮುತ್ತೈದೆ! ಎನ್ನ ತಲೆ ಮುಟ್ಟಡ!"

ಅವನನ್ನು ವಾಪಸು ಕಳಿಸಿದೆ. ಬೆಳ್ಳಗೆ ಅಂಗುಲದಷ್ಟು ಕೂದಲು ಬಂತು. ಆಮೇಲೆ ಕುಂಕುಮ ಕೇಳತೊಡಗಿದಳು.

ವಿಷಯ ತಿಳಿದು ವಾನಳ್ಳಿಯಿಂದ ಸೋದರಮಾವ ಬಂದ. "ವಿಧವೆಗೆ ಕುಂಕುಮ ಇಡ್ತ್ಯ? ನಾಳೆ ಶ್ರಾದ್ಧಕ್ಕೆ ಯಾವ ಭಟ್ರು ಬತ್ತ?"

"ಯಾರೂ ಬರದು ಬ್ಯಾಡ" ಎಂದೆ. ಕೊಟ್ಟ ಕಾಫಿ ಮುಟ್ಟದೆ ಎದ್ದು ಹೋದ. ಮತ್ತೆ ನಮ್ಮ ಹೊಸಿಲು ತುಳಿದಿಲ್ಲ.

ಪೇಟೆಯಿಂದ ಕುಂಕುಮ ತಂದೆ. ವಿಧವೆಯ ಕೈಯಿಂದ ವಿಧವೆಯ ಹಣೆಗೆ. ದುಂಡಗೆ ಇಟ್ಟೆ. ಆಯಿ ಕನ್ನಡಿ ನೋಡಿಕೊಂಡು ನಾಚಿ ನಕ್ಕಳು. ನನ್ನ ತಾಯಿ ಇಷ್ಟು ಚಂದದ ಹೆಂಗಸೆಂದು ನನಗೆ ಗೊತ್ತಾದದ್ದು ಅಂದೇ.

ಆಮೇಲೆ ನನ್ನತ್ತ ತಿರುಗಿದಳು. ನನ್ನ ಬರಿಹಣೆ ನೋಡಿದಳು. ನಗು ಆರಿತು.

"ತಪ್ಪು ತಿಳ್ಕಳಡ ತಂಗಿ. ನೀನು ಎನ್ನ ಎದುರಿಗೆ ಬರಡ. ಇವ್ರು ಬರೋ ಹೊತ್ತು."

ಹಿತ್ತಿಲಿಗೆ ಹೋಗಿ ಸಾಕೆನಿಸುವಷ್ಟು ಅತ್ತೆ. ಸಿಟ್ಟೂ ಬಂತು. ಯಾರ ಮೇಲೆಂದು ಹೇಳಲಿ?

ಮರುದಿನದಿಂದ ನನ್ನ ಹಣೆಗೂ ಇಟ್ಟುಕೊಳ್ಳುತ್ತಿದ್ದೇನೆ. ಆಯಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈ ಹಿಡಿದುಕೊಳ್ಳುತ್ತಾಳೆ. ಮಗಳೆಂದಲ್ಲ, ಯಾರೋ ನೆರೆಮನೆಯ ಸೊಸೆಯೆಂದು. ಸಿಕ್ಕಿದ್ದು ಅಷ್ಟು, ಅದಕ್ಕೂ ಋಣಿಯಾಗಿದ್ದೇನೆ.

"ನಿಮ್ಮನೆಯವ್ರು ಆರಾಮ ಇದ್ವ?" ಎಂದು ದಿನಾ ವಿಚಾರಿಸುತ್ತಾಳೆ.

"ಆರಾಮಿದ್ದ" ಎನ್ನುತ್ತೇನೆ. ಹಾಗೆ ಹೇಳುವಾಗ ನನಗೂ ಹಿತವಾಗುತ್ತದೆ, ಸುಳ್ಳೇಕೆ ಹೇಳಲಿ. ಪಕ್ಕದ ಮನೆಯವರು ಅವಳ ಹತ್ತಿರ ಬಂದು ಕೂತ ಮೇಲೆ, ಶಾಲೆಗೆ ಹೊರಡುವ ಮುಂಚೆ, ಬಾಗಿಲ ಮರೆಯಲ್ಲಿ ನಿಂತು ಹಣೆ ಒರೆಸಿಕೊಳ್ಳುತ್ತೇನೆ.