ಗಿಳಿಹಸಿರು ದಾರದ ಪಂಚನಾಮೆ

ಕೆಟ್ಟ ಎಂಜಿನ್ನಿನ ಮುಂದೆ ನಿಂತ ಕೂಡಲೇ ಮೋನಪ್ಪ ಮಿಸ್ತ್ರಿ ಅಂಗಿಯ ಕೊರಳ ಗುಂಡಿ ಹಾಕಿಕೊಳ್ಳುತ್ತಿದ್ದರು. ಆ ಅಂಗಿ ಹೊಲಿಸಿದಾಗ ಯಾವ ಬಣ್ಣದ್ದಿತ್ತೋ ದೇವರಿಗೇ ಗೊತ್ತು; ಗ್ರೀಸು, ಎಣ್ಣೆ ಕುಡಿದೂ ಕುಡಿದೂ ಅದು ವಕೀಲರ ಕೋಟಿನಷ್ಟೇ ಕಪ್ಪಾಗಿತ್ತು. ಗುಂಡಿ ಹಾಕಿ, ಗಂಟಲು ಸರಿಮಾಡಿಕೊಂಡು, ಲಾರಿಯ ಮಾಲಕನ ಕಡೆ ತಿರುಗುತ್ತಿದ್ದರು. "ಹಾಂ, ಫಿರ್ಯಾದಿ ಏನೈತಿ ಹೇಳ್ರಿ. ಕಂಡದ್ದಷ್ಟ ಹೇಳ್ರಿ, ಕೇಳಿದ್ದು ಬ್ಯಾಡ."

ಈ ಭಾಷೆ ಅವರಿಗೆ ಹತ್ತಿದ್ದು ಜಮಖಂಡಿ ಕೋರ್ಟಿನಲ್ಲಿ. ಎರಡು ಮೊಳ ಗೋಡೆಯ ಸಲುವಾಗಿ ಅವರಿಗೂ ಅವರ ಕಾಕಾನ ಮಗನಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆದಿತ್ತು. ತಾರೀಖಿನ ದಿನ ವಾದಿ ಪ್ರತಿವಾದಿ ಇಬ್ಬರೂ ಮಿಸ್ತ್ರಿಯ ಸ್ಕೂಟರಿನ ಮೇಲೆಯೇ ಬನಹಟ್ಟಿಯಿಂದ ಹೋಗುತ್ತಿದ್ದರು. ಕೋರ್ಟಿನೊಳಗೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹೊರಗೆ ಬಂದು ಒಂದೇ ಪ್ಲೇಟಿನಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದರು. ಯಾರಾದರೂ ಕೇಳಿದರೆ ಮಿಸ್ತ್ರಿ, "ಜಗಳ ಗ್ವಾಡೀದ್ರಿ, ಭಜೀದೇನೈತಿ?" ಎನ್ನುತ್ತಿದ್ದರು. ಗೋಡೆ ಒಂದಿಂಚೂ ಸರಿಯಲಿಲ್ಲ. ಆದರೆ ಅವರ ಗ್ಯಾರೇಜು ಮಾತ್ರ ಪೂರ್ತಿ ಕೋರ್ಟಾಯಿತು.

ನಾನು ನೇಕಾರ. ಬನಹಟ್ಟಿಯಲ್ಲಿ ನಮ್ಮದು ಎಂಟು ಪಾವರ್‌ಲೂಮು. ಸೀರೆ ನೇಯುವವನು ಹಳೆಯ ಲಾರಿ ಯಾಕೆ ಕೊಂಡ ಎಂದು ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಕಬ್ಬಿನ ಹಂಗಾಮು ಶುರುವಾಗುವ ಮುಂಚೆ ಅದರ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಕೊಡಲು ಮಿಸ್ತ್ರಿಗೆ ಒಪ್ಪಿಸಿದೆ. ಬರಿಗೈಯಲ್ಲಿ ಹೋಗುವುದೇಕೆ ಎಂದು ನಮ್ಮ ಮಗ್ಗದ ದಾರದ ವೇಸ್ಟು ಒಂದು ಚೀಲ ಒಯ್ದೆ. ಕೈ ಒರೆಸಲು ಅದು ಎಲ್ಲ ಗ್ಯಾರೇಜಿನವರಿಗೂ ಬೇಕು. ಆ ತಿಂಗಳು ನಾವು ಗಿಳಿಹಸಿರು ಅಂಚಿನ ಸೀರೆ ನೇಯುತ್ತಿದ್ದೆವು. ಹೀಗಾಗಿ ಚೀಲದ ತುಂಬ ಗಿಳಿಹಸಿರೇ.

ಮಿಸ್ತ್ರಿ ಖುಷಿಯಿಂದಲೇ ಚೀಲ ಇಸಿದುಕೊಂಡರು. "ಆದ್ರ ಸಾವಕಾರ್ರ, ಇದು ಕೈ ಒರಸಾಕಷ್ಟ. ಎಂಜಿನ್ ಒಳಗ ದಾರಕ್ಕ ಪರವಾನಗಿ ಇಲ್ಲ. ಒಳಗ ಒರಸಾಕ ನನ್ನ ಹಳೇ ಧೋತರ ಒಂದ." ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಮೊದಲಿನಿಂದಲೂ ಹುಷಾರು.

ಎಂಜಿನ್ ಕಟ್ಟಿ ಹದಿನೈದು ದಿನವೂ ಆಗಿರಲಿಲ್ಲ. ಹಿಪ್ಪರಗಿಯಿಂದ ಕಬ್ಬು ಹೇರಿಕೊಂಡು ಬರುತ್ತಿದ್ದಾಗ, ಎಂಜಿನ್ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸೊನ್ನೆಯ ಕಡೆ ಮಲಗಿಬಿಟ್ಟಿತು. ಎಂಜಿನ್ ಬಂದ್ ಮಾಡಿ, ಒಂದು ಚಹಾ ಕುಡಿದು ಬಂದು ಚಾಲೂ ಮಾಡಿದರೆ ಮುಳ್ಳು ಸಂಭಾವಿತನಂತೆ ಮೇಲೆದ್ದು ನಿಂತಿತು. ನಾಲ್ಕು ಕಿಲೋಮೀಟರ್ ಹೋಗುವುದರೊಳಗೆ ಮತ್ತೆ ಮಲಗಿತು. ಸಕ್ಕರೆ ಕಾರ್ಖಾನೆಯ ಮುಂದಿನ ಸಾಲಿನಲ್ಲಿ ಲಾರಿ ನಿಂತರೂ ನನ್ನ ಬಾಯಿ ನಿಲ್ಲಲಿಲ್ಲ. ಮಿಸ್ತ್ರಿಗೆ ವಯಸ್ಸಾಯಿತು, ಡುಪ್ಲಿಕೇಟ್ ಬೇರಿಂಗ್ ಹಾಕಿದ್ದಾರೆ ಎಂದು ಕಂಡಕಂಡವರಿಗೆ ಹೇಳಿದೆ. ಮಿಸ್ತ್ರಿಯ ಹತ್ತಿರ ಎಂಜಿನ್ ಕೆಲಸ ಮಾಡಿಸಬೇಕೆಂದಿದ್ದ ಇಬ್ಬರು ತಮ್ಮ ಲಾರಿಗಳನ್ನು ಮುಧೋಳಕ್ಕೆ ಒಯ್ದರು.

ಸುದ್ದಿ ನನಗಿಂತ ಮೊದಲೇ ಗ್ಯಾರೇಜು ಮುಟ್ಟಿತ್ತು. ನಾನು ಹೋದಾಗ ಮಿಸ್ತ್ರಿ ಕೊರಳ ಗುಂಡಿ ಹಾಕಿಕೊಂಡೇ ನಿಂತಿದ್ದರು.

"ಸಾವಕಾರ್ರ, ನನ್ನ ನಲವತ್ತ ವರ್ಷದ ಹೆಸರು ಕಟಕಟ್ಯಾಗ ನಿಂತೈತಿ. ನನ್ನ ತಪ್ಪು ಸಿಕ್ರ ಈ ಗ್ಯಾರೇಜಿನ ಬೋರ್ಡ್ ನನ್ನ ಕೈಯಾರೆ ಇಳಸ್ತೀನಿ. ಆದ್ರ ಪಂಚರಿಲ್ಲದ ಒಂದ ಬೋಲ್ಟೂ ಬಿಚ್ಚಂಗಿಲ್ಲ."

ಪಂಚರಾಗಿ ಇಬ್ಬರನ್ನು ಕರೆಸಿದರು. ಎದುರಿನ ಚಹಾದಂಗಡಿಯ ಈರಪ್ಪ, ಪಕ್ಕದ ಪಂಚರ್ ಅಂಗಡಿಯ ಗುರಪ್ಪ. "ಪಂಚರ್ ತಗಿಯಾಂವ ಪಂಚ ಆಗದ ಮತ್ತ್ಯಾರ ಆಗಬೇಕು" ಎಂದು ಈರಪ್ಪ ನಕ್ಕ. "ಕೋರ್ಟಿನಾಗ ನಗಬ್ಯಾಡ" ಎಂದು ಮಿಸ್ತ್ರಿ ಗದರಿಸಿದರು.

ಮೊದಲು ಸಾಕ್ಷಿಯ ವಿಚಾರಣೆ. ಎಂಜಿನ್ನಿಗೆ ಒತ್ತಡ ಅಳೆಯುವ ತಮ್ಮದೇ ಕೈಗೇಜನ್ನು ತಿರುಗಿಸಿ ಕೂಡಿಸಿದರು. "ಡ್ರೈವರ್ ಮುಂದಿನ ಮುಳ್ಳು ವೈರಿನ ಮಾತ ಕೇಳಿ ಹೇಳತೈತಿ. ನನ್ನ ಗೇಜು ಕಣ್ಣಾರೆ ಕಂಡ ಸಾಕ್ಷಿ." ಕೈಗೇಜು ಕೂಡ ಅದನ್ನೇ ಹೇಳಿತು. ಎಣ್ಣೆಯ ಕಡ್ಡಿ ತೆಗೆದು ನೋಡಿದರು, ಎರಡು ಬೆರಳ ನಡುವೆ ತಿಕ್ಕಿ ನೋಡಿದರು. ಎಣ್ಣೆ ತಕ್ಕಷ್ಟಿತ್ತು, ತೆಳ್ಳಗೂ ಆಗಿರಲಿಲ್ಲ. ಆಮೇಲೆ ನನ್ನನ್ನು ಹತ್ತಿಸಿ ಎಕ್ಸಿಲರೇಟರ್ ತುಳಿಸಿದರು, ಬಿಡಿಸಿದರು, ಮತ್ತೆ ತುಳಿಸಿದರು. ಗೇಜಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತವರು ಬಹಳ ಹೊತ್ತು ಏಳಲೇ ಇಲ್ಲ.

"ಬೇರಿಂಗ್ ಮ್ಯಾಲ ನೀವು ಸುಳ್ಳ ಕೇಸ್ ಹಾಕೀರಿ" ಎಂದರು ಎದ್ದು ನಿಂತು. "ಬೇರಿಂಗ್ ಸವದಿದ್ರ ಎಂಜಿನ್ ಸಾವಕಾಶ ನಡದಾಗ ಮುಳ್ಳು ಇಳೀಬೇಕು, ತುಳಿದ್ರ ಏರಬೇಕು. ಇಲ್ಲೆ ಉಲಟಾ ಐತಿ. ತುಳಿದ್ರ ಇಳೀತೈತಿ, ಒಂದೀಟು ಆರಾಮ ಕೊಟ್ರ ಏರತೈತಿ. ಇದಕ್ಕ ಉಸುರು ಕಟ್ಟಾಕತ್ತೈತಿ. ಎಣ್ಣಿ ಚೇಂಬರ್ ಇಳಸೂಣು."

ಎಂಜಿನ್ನಿನ ಅಡಿಗೆ ಎಣ್ಣೆ ನಿಲ್ಲುವ ದೊಡ್ಡ ತಗಡಿನ ಬೋಗುಣಿಯಂಥದ್ದೇ ಚೇಂಬರು. ಅಲ್ಲಿಂದ ಎಣ್ಣೆ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ. ಆ ಜಾಲರಿಗೆ ಏನೋ ಕರಿ ಮುದ್ದೆ ಮೆತ್ತಿಕೊಂಡಿತ್ತು. ಮಿಸ್ತ್ರಿ ಅದನ್ನು ಬಿಡಿಸಿ ಡೀಸೆಲ್ಲಿನಲ್ಲಿ ಅದ್ದಿ ಅಲುಗಾಡಿಸಿದರು. ಕಪ್ಪು ಬಿಟ್ಟು ಗಿಳಿಹಸಿರು ಹೊರಬಿತ್ತು. ನಮ್ಮ ಸೀರೆಯ ಬಣ್ಣ ಹೋಗುವುದಿಲ್ಲ ಎಂದು ನಾನು ಗಿರಾಕಿಗಳಿಗೆ ಆಣೆ ಮಾಡಿ ಹೇಳುತ್ತಿದ್ದೆ. ಅದು ಇಷ್ಟು ಖರೆ ಎಂದು ನನಗೂ ಗೊತ್ತಿರಲಿಲ್ಲ.

ಆಗ ನನಗೆ ಎಲ್ಲ ನೆನಪಾಯಿತು. ಚೇಂಬರ್ ಕೂಡಿಸುವ ದಿನ ಮಿಸ್ತ್ರಿ ತಾರೀಖಿಗೆಂದು ಜಮಖಂಡಿಗೆ ಹೋಗಿದ್ದರು. ಅವರು ತೊಳೆದಿಟ್ಟಿದ್ದ ಚೇಂಬರು ನನ್ನ ಕಣ್ಣಿಗೆ ಯಾಕೋ ಇನ್ನೂ ಹೊಲಸಾಗಿ ಕಂಡಿತು. ನನ್ನ ಲಾರಿ, ನನ್ನ ಅಕ್ಕರೆ. ಮುಷ್ಟಿ ತುಂಬ ವೇಸ್ಟು ಹಿಡಿದು ತಿಕ್ಕಿ ತಿಕ್ಕಿ ಒರೆಸಿದ್ದೆ. ಒಳಗಿನ ಅಡ್ಡ ತಗಡಿನ ಸಂದಿಯಲ್ಲಿ ದಾರ ಸಿಕ್ಕಿಕೊಂಡದ್ದು ಗೊತ್ತೇ ಆಗಿರಲಿಲ್ಲ. ಮಿಸ್ತ್ರಿ ಮರಳಿ ಬಂದು, ತಾವೇ ತೊಳೆದದ್ದಲ್ಲವೇ ಎಂದು ಹಾಗೆಯೇ ಕೂಡಿಸಿದ್ದರು.

"ಯಾರ ಹಾಕಿದ್ದಿದು?" ಗುರಪ್ಪ ಕೇಳಿದ.

ಮಿಸ್ತ್ರಿ ದಾರ ನೋಡಿದರು. ಮೂಲೆಯಲ್ಲಿದ್ದ ಚೀಲ ನೋಡಿದರು. ನನ್ನನ್ನೂ ನೋಡಿದರು. "ದಾರ ಬಿಟ್ಟಾಂವ ಯಾರರ ಇರಲಿ. ಮುಚ್ಚೂ ಮುಂದ ಸಂದ್ಯಾಗ ಬೆರಳ ಆಡಸಬೇಕಿತ್ತು, ನಾ ಆಡಸಲಿಲ್ಲ. ತಪ್ಪು ನಂದು."

ದಾರವನ್ನು ಒಂದು ಖಾಲಿ ಗ್ರೀಸ್ ಡಬ್ಬಿಗೆ ಹಾಕಿ, ಮೇಲೆ ಚೀಟಿ ಅಂಟಿಸಿ ಪೆನ್ನಿನಿಂದ ಬರೆದು ಪಂಚರಿಗೆ ಓದಿ ತೋರಿಸಿದರು: ಮುದ್ದೇಮಾಲು. ಆರೋಪಿ: ಅಪರಿಚಿತ. ಆಮೇಲೆ ಗುರಪ್ಪನ ಅಂಗಡಿಯಿಂದ ಏಣಿ ತರಿಸಿ, ಹೇಳಿದ ಮಾತಿನಂತೆ ತಮ್ಮ ಬೋರ್ಡು ತಾವೇ ಇಳಿಸಿದರು. ಏಣಿ ಹಿಡಿದುಕೊಂಡಿದ್ದವನು ನಾನು.

ಲಾರಿಯ ಮುಳ್ಳು ಆಮೇಲೆ ಎಂದೂ ಮಲಗಲಿಲ್ಲ. ಮುಧೋಳಕ್ಕೆ ಹೋದ ಲಾರಿಗಳು ಮಾತ್ರ ಮಿಸ್ತ್ರಿಯ ಕಡೆ ತಿರುಗಿ ಬರಲಿಲ್ಲ. ಮುಖ ಗೋಡೆಗೆ ಮಾಡಿ ನಿಂತ ಬೋರ್ಡಿನ ಪಕ್ಕದಲ್ಲೇ ಅವರು ಕೆಲಸ ಮಾಡುತ್ತಿದ್ದರು. ನಾನು ಆಗಾಗ ಈರಪ್ಪನ ಚಹಾ ಹಿಡಿದುಕೊಂಡು ಹೋಗಿ ಕೂಡುತ್ತಿದ್ದೆ. ಮಿಸ್ತ್ರಿ ಚಹಾ ಊದುತ್ತ ತಾವಾಗಿಯೇ ಹೇಳುತ್ತಿದ್ದರು, "ಆ ಕೇಸಿನ್ಯಾಗ ಆರೋಪಿ ಇನ್ನ ಸಿಕ್ಕಿಲ್ರಿ ಸಾವಕಾರ್ರ. ಊರಾಗ ಅಡ್ಡಾಡಾಕತ್ತಾನಂತ. ಚಹಾ ಕುಡ್ಯಾಕತ್ತಾನಂತ." ನಾನು ತಲೆಯಾಡಿಸುತ್ತಿದ್ದೆ.

ಮೊಣಕಾಲು ಸೋತ ಮೇಲೆ ಅವರು ಗ್ಯಾರೇಜಿಗೆ ಕೀಲಿ ಹಾಕಿ ಬೀಳಗಿಯಲ್ಲಿದ್ದ ಮಗಳ ಮನೆಗೆ ಹೋದರು. ಹೋದ ವರ್ಷ ಅವರಿಗೆ ಹುಷಾರಿಲ್ಲವೆಂದು ತಿಳಿದು ಬಸ್ಸು ಹತ್ತಿ ಹೋದೆ. ಹೊರಸಿನ ಮೇಲೆ ಮಲಗಿದ್ದರು. ಬಿಳಿ ಅಂಗಿಯಲ್ಲಿ ಅವರ ಗುರುತು ಹತ್ತಲು ನನಗೆ ಒಂದು ಕ್ಷಣ ಬೇಕಾಯಿತು.

"ಮಿಸ್ತ್ರಿ, ಆ ದಾರ ಬಿಟ್ಟಾಂವ ನಾನರಿ" ಎಂದೆ.

ಅವರು ಎದ್ದು ಕೂತು ಕೊರಳ ಗುಂಡಿಗೆ ಕೈ ಹಾಕಿದರು. ಬೆರಳಿಗೆ ಗುಂಡಿ ಸಿಗಲಿಲ್ಲ. ನಾನೇ ಹಾಕಿದೆ.

"ನನ್ನ ಮುಂದ ಹೇಳಿದ್ರ ಏನ ಬಂತು" ಎಂದರು ಗಂಟಲು ಸರಿಮಾಡಿಕೊಂಡು. "ಪಂಚರ ಮುಂದ ಹೇಳ್ರಿ."

ಮರುದಿನವೇ ಈರಪ್ಪ, ಗುರಪ್ಪ ಇಬ್ಬರನ್ನೂ ಕೂಡಿಸಿ, ಚಹಾ ಕುಡಿಯಲು ಬಂದಿದ್ದ ಲಾರಿಯವರ ಎದುರಿಗೇ ಹೇಳಿದೆ. ಈರಪ್ಪ ಸೋಸುತ್ತಿದ್ದ ಚಹಾ ಬಿಟ್ಟು ಗುರಪ್ಪನಿಗೆ ಹೇಳಿದ್ದು ಒಂದೇ ಮಾತು: "ಏಣಿ ತಾರೋ." ಈ ಸಲ ಏಣಿ ಹಿಡಿದವನು ಗುರಪ್ಪ, ಹತ್ತಿದವನು ನಾನು. ಮಿಸ್ತ್ರಿ ಗುರಪ್ಪನ ಅಂಗಡಿಯಲ್ಲಿ ಬಿಟ್ಟುಹೋಗಿದ್ದ ಬೋರ್ಡನ್ನು ಕೀಲಿ ಹಾಕಿದ ಗ್ಯಾರೇಜಿನ ಮೇಲೆ ಕೂಡಿಸಿ, ಮಿಸ್ತ್ರಿಗೆ ತೋರಿಸಲೆಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ.

ವಾರ ಬಿಟ್ಟು ಬೀಳಗಿಗೆ ಹೋದರೆ ಹೊರಸನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಮಿಸ್ತ್ರಿ ಎರಡು ದಿನದ ಹಿಂದೆ ಹೋಗಿಬಿಟ್ಟಿದ್ದರು. ಮಗಳು ಒಳಗಿನಿಂದ ಒಂದು ಡಬ್ಬಿ ತಂದಳು. "ಸಾವಕಾರ್ರು ಬಂದ್ರ ಕೊಡು ಅಂತ ಅಪ್ಪ ಹೇಳಿದ್ರು."

ಅದೇ ಗ್ರೀಸ್ ಡಬ್ಬಿ. ಒಳಗಿನ ದಾರ ಇನ್ನೂ ಗಿಳಿಹಸಿರೇ ಇತ್ತು. ಚೀಟಿಯ ಮೇಲೆ ‘ಅಪರಿಚಿತ’ ಎಂಬ ಪದದ ಮೊದಲ ಅಕ್ಷರ ಒಂದನ್ನೇ ಮಿಸ್ತ್ರಿ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದರು. ಆರೋಪಿ: ಪರಿಚಿತ. ಆ ಗೆರೆಯ ಶಾಯಿಯೂ ಅಕ್ಷರಗಳ ಶಾಯಿಯಷ್ಟೇ ಹಳೆಯದಾಗಿ ಮಾಸಿತ್ತು.