ಕೆರೀನ್ ಅಳೆದ ಕಲ್ಲುಗಳು

ವೆರ್ನೀಸ್ ಲಾರೊಂಡ್ ಕೆರಿಬಿಯನ್ ದ್ವೀಪ ಡೊಮಿನಿಕಾದ ನಮ್ಮ ಶಾಲೆಯಲ್ಲಿ ಭೂಗೋಳ ಕಲಿಸುತ್ತಲೇ ತಲೆ ನರೆಸಿಕೊಂಡವಳು. ಪ್ರತಿ ವರ್ಷ ಮಕ್ಕಳನ್ನು ನದಿಗೆ ಕರೆದೊಯ್ದು ಕಲ್ಲು ಅಳೆಸುತ್ತಿದ್ದಳು. ನದಿ ಇಳಿದಂತೆಲ್ಲ ಕಲ್ಲು ಸವೆದು ಸಣ್ಣದಾಗುತ್ತದೆ ಎಂಬುದು ಪಾಠ. ಮಕ್ಕಳ ತೀರ್ಮಾನವೂ ಅದೇ ಆಗಿರುತ್ತಿತ್ತು.

ಆ ವರ್ಷ ಕೆರೀನ್ ಎತಿಯೆನ್ ಎಂಬ ಹುಡುಗಿಯ ಲೆಕ್ಕ ತಿರುಗಾಮುರುಗಾ ಬಂತು. ಕೆಳಗಿನ ಜಾಗದಲ್ಲೇ ಕಲ್ಲುಗಳು ದೊಡ್ಡವು, ಚೂಪು ಮೂಲೆಯವು.

"ಸ್ಕೇಲು ತಲೆಕೆಳಗೆ ಹಿಡ್ಕೊಂಡಿದ್ಯೇನೇ?" ಎಂದಳು ವೆರ್ನೀಸ್.

"ಇಲ್ಲ ಮಿಸ್, ಎರಡೆರಡು ಸಲ ಅಳೆದೆ."

"ಹಾಗಾದ್ರೆ ನದಿಗೇ ಪಾಠ ಬರಲ್ಲ ಅನ್ನು."

ತರಗತಿ ನಕ್ಕಿತು. ವೆರ್ನೀಸಳೂ ನಕ್ಕಳು. ಕೆಲಸದಲ್ಲಿ ಎಲ್ಲಿ ಎಡವಿದೆವೆಂದು ಬರೆಯುವ, ವರದಿಯ ಕೊನೆಯ ಪುಟದಲ್ಲಿ 'ನಾನು ಸರಿಯಾಗಿ ಅಳೆಯಲಿಲ್ಲ' ಎಂದು ಬರೆಸಿದಳು. ವರದಿ ಅಂಕಕ್ಕಾಗಿ ಪರೀಕ್ಷಾ ಮಂಡಳಿಗೆ ಹೋಯಿತು. ಹುಡುಗರು ಕೆರೀನಳನ್ನು 'ಬಂಡೆ' ಎಂದು ಕರೆಯತೊಡಗಿದರು.

ಈಸ್ಟರ್ ರಜೆಯಲ್ಲಿ, ಅದೇ ಶಾಲೆಯಲ್ಲಿ ಕಲಿಸುವ ನಾನೂ ವೆರ್ನೀಸಳೂ ನಾಮಕರಣವೊಂದಕ್ಕೆ ಹೊರಟಿದ್ದೆವು. ವ್ಯಾನು ನದಿಯ ಆಚೆ ದಡದ ದಾರಿ ಹಿಡಿಯಿತು. ಕೆರೀನ್ ಅಳೆದ ಜಾಗಕ್ಕೆ ತುಸು ಮೇಲೆ, ತಿರುವಿನ ಮರೆಯಲ್ಲಿ, ಗುಡ್ಡದ ಒಂದು ಮಗ್ಗುಲು ಕುಸಿದು, ಚೂಪು ಮೂಲೆಯ ಹೊಸ ಕಲ್ಲುಗಳ ಸಮೇತ ನೀರಿಗೆ ಇಳಿದಿತ್ತು.

"ಇದ್ಯಾವಾಗ ಬಿತ್ತಪ್ಪಾ?" ಎಂದು ವೆರ್ನೀಸ್ ಕೇಳಿದಳು.

"ಹೋದ ಚಂಡಮಾರುತದಲ್ಲೇ ಮಿಸ್. ಮಕ್ಕಳನ್ನ ಕರ್ಕೊಂಡು ಬಂದಾಗ ನೋಡ್ಲಿಲ್ವಾ?" ಎಂದ ಚಾಲಕ.

ನಾಮಕರಣದ ಊಟವನ್ನು ಆಕೆ ಮುಟ್ಟಲಿಲ್ಲ.

ಮರುದಿನ ಕೆರೀನಳ ಮನೆಗೆ ಹೋದಳು, ಜೊತೆಗೆ ನನ್ನನ್ನೂ ಎಳೆದುಕೊಂಡು. ಹುಡುಗಿ ಇರಲಿಲ್ಲ. ತಾಯಿ ಬಟ್ಟೆ ಹೊಲಿಯುತ್ತಿದ್ದಳು. ವೆರ್ನೀಸ್ ನಿಂತೇ ಎಲ್ಲವನ್ನೂ ಹೇಳಿದಳು.

"ಓ, ಅದಾ?" ಎಂದಳು ತಾಯಿ, ಹೊಲಿಗೆ ನಿಲ್ಲಿಸದೆ. "ಆವತ್ತು ಮನೆಗೆ ಬಂದೋಳೇ ನನ್ನ ಟೇಪು ತಗೊಂಡು ಅವಳ ಸ್ಕೇಲಿಗೆ ಹಿಡಿದು ಹಿಡಿದು ನೋಡಿದ್ಲು. ಸರಿಯಾಗೇ ಇತ್ತು. ಹಾಗಾದ್ರೆ ನನ್ನ ಕಣ್ಣೇ ಸರಿಯಿಲ್ಲ ಅಂತ ಅತ್ಲು. ಕನ್ನಡಕ ಬೇಕೇನೋ ಅಂತ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ ಟೀಚರ್."

ವೆರ್ನೀಸಳ ಮುಖದತ್ತ ನೋಡಲು ನನಗೆ ಧೈರ್ಯವಾಗಲಿಲ್ಲ.

ಶಾಲೆ ತೆರೆದ ದಿನ ಆಕೆ ತರಗತಿಯ ಮುಂದೆ ನಿಂತು, "ಕೆರೀನ್ ಅಳತೆ ಸರಿ ಇತ್ತು. ನಾನು ನದಿ ನೋಡದೆ ಪುಸ್ತಕ ನೋಡ್ದೆ. ತಪ್ಪು ನಂದು" ಎಂದಳು. ಯಾರೂ ನಗಲಿಲ್ಲ. ಮಂಡಳಿಗೂ ಬರೆದಳು, ಅಂಕ ಬದಲಾಗಲಿಲ್ಲ. "ಪರವಾಗಿಲ್ಲ ಮಿಸ್" ಎಂದಳು ಕೆರೀನ್; ಆದರೆ ಮುಂದಿನ ವರ್ಷ ಭೂಗೋಳವನ್ನೇ ಬಿಟ್ಟಳು.

ಈಗಲೂ ದಾರಿಯಲ್ಲಿ ಎದುರಾದರೆ ಹುಡುಗಿ ನಗುತ್ತಲೇ ಮಾತಾಡಿಸುತ್ತಾಳೆ. ತಲೆ ತಗ್ಗಿಸುವವಳು ವೆರ್ನೀಸ್.