ಆನ್ ಎಂದು ಬರೆದಿದ್ದೆ

ಮೇಡಂ ಅವರ ಎರಡೂ ಮಣಿಕಟ್ಟಿಗೆ ಮಾಸಿದ ಎಲಾಸ್ಟಿಕ್ ಪಟ್ಟಿ ಇರುತ್ತಿತ್ತು. ಕೀಬೋರ್ಡಿನ ಮುಂದೆ ಕೂರುವ ಮೊದಲು ಅದರ ತುದಿಯನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿಕೊಳ್ಳುವರು. ವರ್ಷಗಟ್ಟಲೆ ಟೈಪ್ ಮಾಡಿ ನರ ಸೋತಿತ್ತು. ಇನ್ನು ಟೈಪಿಂಗ್ ಬಿಡಿ ಎಂದು ಡಾಕ್ಟರು ಹೇಳಿದ್ದರಿಂದ, ಕಂಪನಿಯಲ್ಲೇ ಬೇರೆಯವರು ಬರೆದದ್ದನ್ನು ಓದಿ ತಪ್ಪು ಹೇಳುವ ರಿವ್ಯೂ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದರು. ಬೆಳಿಗ್ಗೆ ಹತ್ತಕ್ಕೇ ಅವರ ಮುಖದಲ್ಲಿ ಸಂಜೆಯ ದಣಿವು ಕಾಣುತ್ತಿತ್ತು.

ಹೈದರಾಬಾದಿನ ಇನ್ನೊಂದು ತುದಿಯಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ನಮ್ಮದು ಬಾಲಾನಗರದ ಲೇತ್ ಶೆಡ್ಡುಗಳ ನಡುವಿನ ಸಣ್ಣ ಸಾಫ್ಟ್‌ವೇರ್ ಕಂಪನಿ. ಮೇಡಂ ನಮ್ಮ ಟೀಮ್ ಲೀಡ್, ವಿಜಯಪುರದ ಕಡೆಯವರು. ಮೀಟಿಂಗ್ ತೆಲುಗಿನಲ್ಲಿ, ಕ್ಯಾಂಟೀನ್ ಹಿಂದಿಯಲ್ಲಿ; ನನ್ನ ಮೇಜಿನ ಬಳಿ ಮಾತ್ರ ಕನ್ನಡ. "ಏನ್ರೀ ಮೈಸೂರು, ಕೆಲಸ ನಡದೈತೋ, ಬರೇ ಮಾತು ನಡದೈತೋ?"

ಅವರು ಬಳಸುತ್ತಿದ್ದುದು ಬೇಕಾದಂತೆ ತಿದ್ದಿಕೊಳ್ಳಬಹುದಾದ ಒಂದು ಹಳೆಯ ಎಡಿಟರ್, ಎಂದರೆ ಟೈಪ್ ಮಾಡುವ ಸಾಫ್ಟ್‌ವೇರ್. ಅದರ ಸೆಟ್ಟಿಂಗ್ ಬದಲಿಸಲು ಎರಡು ದಾರಿ. ಎಡಿಟರಿನದೇ ಸೆಟ್ಟಿಂಗ್ ಪುಟಕ್ಕೆ ಹೋದರೆ, ಕೊಟ್ಟದ್ದು ಸರಿಯೇ ಎಂದು ಅದು ನೋಡುತ್ತದೆ, ಆಮೇಲೆ ಅದಕ್ಕೆ ಸೇರಿದ ಕೆಲಸವನ್ನೂ ಮಾಡುತ್ತದೆ. ಇಲ್ಲವೇ ಸೆಟ್ಟಿಂಗುಗಳನ್ನೆಲ್ಲ ಬರೆದಿಡುವ ಕಾನ್ಫಿಗ್ ಫೈಲಿನಲ್ಲಿ ನೇರವಾಗಿ ಒಂದು ಸಾಲು ಗೀಚಬಹುದು, ಕೇಳುವವರಿಲ್ಲ. ಮೇಡಂ ಯಾವಾಗಲೂ ಮೊದಲ ದಾರಿಯವರು, ಪ್ರತಿ ಸೆಟ್ಟಿಂಗಿನ ವಿವರಣೆಯನ್ನು ಕಡೇ ಸಾಲಿನವರೆಗೂ ಓದುವರು. ನನಗೆ ಅದು ನಮ್ಮಜ್ಜಿಯ ಮಡಿಯ ಹಾಗೆ ಕಾಣುತ್ತಿತ್ತು.

ಒಂದು ದಿನ ಅವರೇ ಬಂದರು. "ಸೇವ್ ಮಾಡಾಕ ಎರಡೆರಡು ಕೀ ಒತ್ತಿ ಕಿರುಬೆರಳು ಭಾಳ ನೋಯಾಕತ್ತೈತಿ. ತಾನ ಸೇವ್ ಆಗೂ ಹಂಗ ಮಾಡಿಕೊಡ್ರಿ."

ಎರಡು ನಿಮಿಷದ ಕೆಲಸ ಎಂದುಕೊಂಡೆ. ಕಾನ್ಫಿಗ್ ಫೈಲಿನಲ್ಲಿ ಆ ಸೆಟ್ಟಿಂಗನ್ನು ನೇರವಾಗಿ 'ಆನ್' ಎಂದು ಬರೆದೆ. ಎಡಿಟರನ್ನು ಕೇಳಿದರೆ ಅದೂ ಆನ್ ಎಂದಿತು. ಮಷೀನ್ ಹಠಾತ್ತನೆ ನಿಂತರೆ ಬೇಕಾದೀತೆಂದು ಅದು ತನ್ನಷ್ಟಕ್ಕೆ ಇಟ್ಟುಕೊಳ್ಳುವ ತಾತ್ಕಾಲಿಕ ಪ್ರತಿಗಳು ಇನ್ನೇಕೆ, ಕಸ ಎಂದು ಅವನ್ನೂ ನಿಲ್ಲಿಸಿದೆ. "ಇನ್ನು ಸೇವ್ ಯೋಚನೆ ಬಿಟ್ಟುಬಿಡಿ ಮೇಡಂ" ಎಂದು ಬೀಗಿದೆ. ಅವರು ನಂಬಿದರು.

ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು, ಯುಪಿಎಸ್ ಕೈಕೊಟ್ಟಿತು. ಅಂದು ಸಂಜೆ ಗ್ರಾಹಕರಿಗೆ ಕಳಿಸಬೇಕಾದ ಕೈಪಿಡಿಯನ್ನು ಅವರು ಬೆಳಗಿನಿಂದ ಟೈಪ್ ಮಾಡುತ್ತಿದ್ದರು. ಮಷೀನ್ ಮತ್ತೆ ಎದ್ದಾಗ ಫೈಲಿನಲ್ಲಿ ನಿನ್ನೆಯದಷ್ಟೇ ಇತ್ತು. ಅವರು ಕೂಗಾಡಲಿಲ್ಲ. ನಾನು ಬರೆದ ಸಾಲನ್ನು ನೋಡಿ, ಆ ಸೆಟ್ಟಿಂಗಿನ ವಿವರಣೆಯನ್ನು ನನ್ನಿಂದಲೇ ಓದಿಸಿದರು. ನೇರವಾಗಿ ಬದಲಿಸಿದರೆ ಇದು ಜಾರಿಗೆ ಬರುವುದಿಲ್ಲ ಎಂದು ಕೊನೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು.

"ಆನ್ ಅಂತ ಬರದೀರಿ. ಆನ್ ಮಾಡೂ ಕೆಲಸ ಯಾರು ಮಾಡ್ಯಾರ್ರೀ?"

ಅಷ್ಟರಲ್ಲಿ ಮ್ಯಾನೇಜರ್ ಬಂದರು. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ, ಕಾಯಂ ಆಗುವ ಪತ್ರ ಆ ವಾರ ಬರಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಮೇಡಂ, ತಪ್ಪು ತನ್ನದು, ಸೇವ್ ಮಾಡಲು ಮರೆತೆ ಎಂದು ಹಿಂದಿಯಲ್ಲಿ ಹೇಳಿಬಿಟ್ಟರು. ನಾನು ಪರದೆ ನೋಡುತ್ತಾ ನಿಂತೆ. ಮರುದಿನ ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡಿದೆ. ಕೈಪಿಡಿ ಒಂದು ದಿನ ತಡವಾಗಿ ಹೋಯಿತು.

ನನ್ನ ಪತ್ರ ಬಂತು. ಅವರ ಅರ್ಜಿ ತಿರಸ್ಕಾರವಾಯಿತು. ಸೇವ್ ಮಾಡುವುದನ್ನೇ ಮರೆಯುವವರಿಗೆ ರಿವ್ಯೂ ಕೆಲಸ ಹೇಗೆ ಕೊಡುವುದು ಎಂದರಂತೆ ಮ್ಯಾನೇಜರ್. ನಾನು ಮೇಡಂ ಹತ್ತಿರ ಹೋಗಿ, "ನಾನು ನಿಜ ಹೇಳಿಬಿಡ್ಲಾ ಮೇಡಂ?" ಎಂದೆ.

ಅವರು ತಲೆ ಎತ್ತಲಿಲ್ಲ. "ಈಗ ಹೇಳಿದ್ರ ನಿಮ್ಮ ಕೆಲಸಾನೂ ಹೋಗ್ತೈತಿ, ನನಗ ಆ ಕುರ್ಚಿನೂ ಬರಂಗಿಲ್ಲ. ಹೋಗ್ರಿ, ಕೂಡ್ರಿ."

ಇನ್ನೊಂದು ವರ್ಷ ಅದೇ ಕೈಗಳಲ್ಲಿ ಟೈಪ್ ಮಾಡಿ, ಚಹಾದ ಲೋಟ ಹಿಡಿಯಲೂ ಆಗದಾದಾಗ ಕೆಲಸ ಬಿಟ್ಟು ಊರಿಗೆ ಹೋದರು. ಹೋದ ವರ್ಷ ತೀರಿಕೊಂಡರು ಎಂದು ಹಳೆಯ ಸಹೋದ್ಯೋಗಿಯೊಬ್ಬರು ತಿಳಿಸಿದರು. ಹೇಳುವುದು ಬೇಡವೆಂದದ್ದು ಅವರೇ, ನಿಜ. ಆದರೆ ಬೇಡ ಅನ್ನಲಿ ಎಂದೇ ನಾನು ಕೇಳಿದ್ದೆ.